ನಮ್ಮ ಮನೆಯ ನಾಯಿ, ನಮ್ಮ ಮನೆಯ ಆರೋಗ್ಯ



ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಒಂದಿಷ್ಟು ಹೊತ್ತು ಮನೆಮಾತು ನಡೆಯುತ್ತದೆ. ಯಾರ ಎಮ್ಮೆ ಈಯಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು ಎನ್ನುವ ಮಾತಿನ ನಡುವೆ ನಾಯಿಯ ಮಾತೂ ಬರುತ್ತದೆ. "ಸಿಸ್ಟರ್, ನಮ್ಮ ನಾಯಿ ಎರಡು ದಿನದಿಂದ ರೊಟ್ಟಿ ಮುಟ್ಟವಲ್ದು ನೋಡ್ರಿ" ಅಂತ ಒಬ್ಬರು. "ನಮ್ಮದಕ್ಕೆ ಮೈತುಂಬ ಉಣ್ಣಿ ಆಗ್ಯಾವ" ಅಂತ ಇನ್ನೊಬ್ಬರು. ಕೂಡಲೇ ಪಕ್ಕದಲ್ಲಿ ಕೂತವರು ನಾಲ್ಕು ಮದ್ದು ಹೇಳುತ್ತಾರೆ. ಅರಿಶಿನ ಹಚ್ಚು, ಸುಟ್ಟ ಎಣ್ಣೆ ಬಳಿ, ಜ್ವರದ ಗುಳಿಗೆ ಅರ್ಧ ಹಾಕು, ತಾನೇ ಹೋಗ್ತೈತಿ ಬಿಡು.

ಈ ಮಾತುಗಳನ್ನು ನಾವು ಮೊದಮೊದಲು ಕೇಳಿ ಸುಮ್ಮನಾಗುತ್ತಿದ್ದೆವು. ಸಂಘದ ಕೆಲಸಕ್ಕೂ ನಾಯಿಯ ಕಾಯಿಲೆಗೂ ಏನು ಸಂಬಂಧ ಎಂದುಕೊಂಡಿದ್ದೆವು. ಒಂದು ಘಟನೆ ನಮ್ಮ ಕಣ್ಣು ತೆರೆಸಿತು.

ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದುಕೊಂಡಾಗ

ಸಂಡೂರು ಕಡೆಯ ಒಂದು ಹಳ್ಳಿಯಲ್ಲಿ ಸಂಘದ ತಾಯಿಯೊಬ್ಬರು ನಾಯಿ ಸಾಕಿದ್ದರು. ಮರಿಯಿದ್ದಾಗಿನಿಂದ ಮನೆಯ ಮಗುವಿನಂತೆ ಬೆಳೆದದ್ದು. ಒಂದು ದಿನ ಅದು ಮೂಲೆ ಸೇರಿತು. ಕೆಳಗಿನ ದವಡೆ ಜೋತುಬಿದ್ದಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ನೀರು ಇಟ್ಟರೂ ನುಂಗಲು ಆಗುತ್ತಿರಲಿಲ್ಲ. ಬೊಗಳಿದರೆ ದನಿ ಒಡೆದ ಹಾಗೆ. ನೋಡಲು ಬಂದ ನೆರೆಯವರು, "ಗಂಟಲದಾಗ ಎಲುಬು ಸಿಕ್ಕೈತಿ, ಕೈ ಹಾಕಿ ತೆಗಿ" ಎಂದರು. ತಾಯಿ ಕೈ ಹಾಕಿದರು. ಎಲುಬು ಸಿಗಲಿಲ್ಲ. ಹಲ್ಲು ತಾಗಿ ಬೆರಳು ಗೀರಿತು, ಅಷ್ಟೆ. ಹತ್ತು ವರ್ಷದ ಮಗಳು ತನ್ನ ಲಂಗದಿಂದ ನಾಯಿಯ ಜೊಲ್ಲು ಒರೆಸಿದಳು. ಮರುದಿನ ನಾಯಿ ಸತ್ತಿತು. ಅತ್ತು, ಹಿತ್ತಲಲ್ಲಿ ಹೂಳಿದರು.

ಮೂರು ದಿನ ಬಿಟ್ಟು ಅವರು ಕಂತು ಕಟ್ಟಲು ಸಭೆಗೆ ಬಂದರು. ನಾಯಿ ಸತ್ತ ಬಗೆ ಹೇಳುತ್ತಾ ಬೆರಳು ತೋರಿಸಿದರು. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಸದಸ್ಯೆಯೊಬ್ಬರು ತಟ್ಟನೆ ಎದ್ದು, "ಅಕ್ಕಾ, ಅದು ಎಲುಬಲ್ಲ, ಹುಚ್ಚು ಇರಬೇಕು" ಎಂದರು. ಅವತ್ತೇ ತಾಯಿ ಮಗಳಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾಯಿ ಕಚ್ಚಿಲ್ಲವಲ್ಲ ಎಂದು ತಾಯಿ ದಾರಿಯುದ್ದಕ್ಕೂ ಹೇಳುತ್ತಿದ್ದರು. ಗೀರಿದ ಚರ್ಮಕ್ಕೆ ಜೊಲ್ಲು ತಾಗಿದ್ದರೂ ಸಾಕು ಎಂದು ವೈದ್ಯರು ಹೇಳಿ, ಇಬ್ಬರಿಗೂ ಚುಚ್ಚುಮದ್ದು ಆರಂಭಿಸಿದರು. ಎಲ್ಲ ಸುತ್ತುಗಳನ್ನೂ ತಪ್ಪದೆ ಮುಗಿಸಿದರು. ಇವತ್ತು ಇಬ್ಬರೂ ಚೆನ್ನಾಗಿದ್ದಾರೆ.

ನೆರೆಯವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಒಂದು ಮಾತು ಎರಡು ಜೀವಕ್ಕೆ ಕುತ್ತು ತರಬಹುದಿತ್ತು. ಉಳಿಸಿದ್ದೂ ಸಭೆಯಲ್ಲಿ ಬಂದ ಇನ್ನೊಂದು ಮಾತೇ. ಆದ್ದರಿಂದ ನಾಯಿಯ ಆರೋಗ್ಯದ ಬಗ್ಗೆ ನಾವು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತೇವೆ ಎನ್ನುವುದು ಸಣ್ಣ ವಿಷಯವಲ್ಲ. ನಮ್ಮ ನಡುವೆ ಓಡಾಡುವ ಮಾತುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಬನ್ನಿ, ಒಂದೊಂದಾಗಿ ತಿಳಿಯೋಣ.

ದಿನಾ ಐದು ನೋಟ

ನಾಯಿಗೆ ಬಾಯಿಲ್ಲ. ಆದರೆ ಅದಕ್ಕೆ ದಿನಾ ಅನ್ನ ಹಾಕುವವರು ನಾವು. ಕಾಯಿಲೆ ಮೊದಲು ಕಾಣಬೇಕಾದದ್ದು ನಮ್ಮ ಕಣ್ಣಿಗೇ. ಊಟ ಹಾಕುವಾಗ ಈ ಐದನ್ನು ನೋಡಿ.

1. ಎಂದಿನಂತೆ ತಿಂದಿತೇ, ನೀರು ಕುಡಿಯಿತೇ?
2. ಮಲ ಗಟ್ಟಿಯಿದೆಯೇ? ರಕ್ತ, ಹುಳ, ಅಕ್ಕಿಕಾಳಿನಂಥ ಬಿಳಿ ತುಣುಕು ಕಾಣುತ್ತಿದೆಯೇ?
3. ನಡಿಗೆ ಸರಿಯಿದೆಯೇ? ಕುಂಟು, ತೂರಾಟ ಇದೆಯೇ?
4. ತುಟಿ ಎತ್ತಿ ನೋಡಿದರೆ ವಸಡು ಗುಲಾಬಿ ಬಣ್ಣವಿದೆಯೇ? ಬಿಳಿಚಿದ್ದರೆ ರಕ್ತ ಕಡಿಮೆ, ಹಳದಿಯಾದರೆ ಕಾಮಾಲೆ ಇರಬಹುದು.
5. ಸ್ವಭಾವ ಬದಲಾಗಿದೆಯೇ? ಸಾಧು ನಾಯಿ ಏಕಾಏಕಿ ಸಿಡುಕಾದರೂ, ಕಚ್ಚುವ ನಾಯಿ ಏಕಾಏಕಿ ಮಂಕಾದರೂ ಎಚ್ಚರ.

ಸ್ವಭಾವ ಬದಲಾದ ನಾಯಿಯ, ಜೊಲ್ಲು ಸುರಿಸುವ ನಾಯಿಯ ಬಾಯಿ ಮುಟ್ಟಿ ನೋಡಬೇಡಿ. ದೂರದಿಂದಲೇ ನೋಡಿ. ಆರೋಗ್ಯವಂತ ನಾಯಿಯ ಮೈಶಾಖ ಸುಮಾರು 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ನಮಗಿಂತ ಹೆಚ್ಚು. ಆದ್ದರಿಂದ ಮೈ ಬೆಚ್ಚಗಿದೆ ಎಂದ ಮಾತ್ರಕ್ಕೆ ಜ್ವರ ಎಂದುಕೊಳ್ಳಬಾರದು. ಜ್ವರ ಎಂದು ನಾವು ನುಂಗುವ ಗುಳಿಗೆಯನ್ನು ಅದಕ್ಕೆ ಕೊಡಲೇಬಾರದು. ಮೈಕೈ ನೋವಿಗೆ ನಾವು ತೆಗೆದುಕೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಗುಳಿಗೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಸಹ ಅಳತೆ ಮೀರಿದರೆ ವಿಷ.

ಮರಿಗೆ ರಕ್ತಭೇದಿ: ಮೂರನೇ ದಿನ ಕಾಯಬೇಡಿ

ಮರಿ ತಂದ ಹದಿನೈದು ದಿನದಲ್ಲಿ ಸತ್ತಿತು ಎನ್ನುವವರು ನಮ್ಮ ಸಂಘಗಳಲ್ಲಿ ಬಹಳ ಮಂದಿ. "ದೃಷ್ಟಿ ತಾಗಿತ್ತು" ಎನ್ನುತ್ತಾರೆ. ಹೆಚ್ಚಾಗಿ ಅದು ಪಾರ್ವೊ ಎಂಬ ವೈರಾಣು ರೋಗ. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಇದರ ಕಾಟ ಹೆಚ್ಚು. ಮರಿ ಮಂಕಾಗುತ್ತದೆ, ವಾಂತಿ ಮಾಡುತ್ತದೆ, ನಂತರ ಕೆಟ್ಟ ವಾಸನೆಯ ರಕ್ತಭೇದಿ. ಮೈಯ ನೀರೆಲ್ಲ ಹೋಗಿ ಎರಡು ಮೂರು ದಿನದಲ್ಲಿ ಸಾಯಬಹುದು.

ಬೆನ್ನ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಬಿಡಿ. ಕೂಡಲೇ ಮೊದಲಿನಂತಾದರೆ ಸರಿ. ನಿಧಾನಕ್ಕೆ ಇಳಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಅಂಥ ಮರಿಗೆ ಡ್ರಿಪ್ ಬೇಕು. ಬಾಯಿಗೆ ಹಾಲು ಸುರಿಯುವುದರಿಂದ ಉಪಯೋಗವಿಲ್ಲ, ವಾಂತಿ ಹೆಚ್ಚುತ್ತದೆ. ಮೊದಲ ದಿನವೇ ಪಶು ಆಸ್ಪತ್ರೆಗೆ ಒಯ್ದರೆ ಬದುಕುವ ಅವಕಾಶ ಚೆನ್ನಾಗಿರುತ್ತದೆ.

ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಆದರೆ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬರಿ ಫಿನಾಯಿಲ್ ಹಾಕಿ ತೊಳೆದರೆ ಸಾಲದು. ಮರಿ ಮಲಗಿದ್ದ ಜಾಗವನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಿನಿಂದ ತೊಳೆಯಿರಿ. ಸತ್ತ ಮರಿಯ ಜಾಗಕ್ಕೆ ಲಸಿಕೆ ಹಾಕಿಸದ ಇನ್ನೊಂದು ಮರಿಯನ್ನು ಮುಂದಿನ ವಾರವೇ ತರಬೇಡಿ.

ಇಂಥದೇ ಇನ್ನೊಂದು ರೋಗ ಡಿಸ್ಟೆಂಪರ್. ಕಣ್ಣು ಮೂಗಿನಲ್ಲಿ ಕೀವಿನಂಥ ನೀರು, ಕೆಮ್ಮು, ಕೊನೆಗೆ ಕಾಲು ನಡುಕ, ಫಿಟ್ಸ್. ನಾಯಿಗಳಿಂದ ಕಾಡುಪ್ರಾಣಿಗಳಿಗೂ ಇದು ಹರಡಬಲ್ಲದು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವಕ್ಕೆ ಈ ವೈರಾಣು ತಗುಲಿದ್ದು ಪತ್ತೆಯಾಯಿತು. ದರೋಜಿ ಕರಡಿಧಾಮದ ಸುತ್ತಲಿನ ಊರಿನವರು, ಸಂಡೂರು ಗುಡ್ಡದ ಅಂಚಿನವರು ಇದನ್ನು ನೆನಪಿಡಬೇಕು. ನಮ್ಮ ನಾಯಿಗೆ ಹಾಕಿಸುವ ಲಸಿಕೆ ಕಾಡಿಗೂ ಒಳ್ಳೆಯದು.

ಎರಡೂ ರೋಗಕ್ಕೆ ಒಂದೇ ಚುಚ್ಚುಮದ್ದಿನಲ್ಲಿ ಲಸಿಕೆ ಸಿಗುತ್ತದೆ. ಆರರಿಂದ ಎಂಟು ವಾರದಲ್ಲಿ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಮರಿಗೆ ಹದಿನಾರು ವಾರ ತುಂಬುವವರೆಗೆ. ಒಂದೇ ಒಂದು ಹಾಕಿಸಿ ಬಿಟ್ಟರೆ ರಕ್ಷಣೆ ಪೂರ್ತಿಯಾಗುವುದಿಲ್ಲ. ಹುಚ್ಚುರೋಗದ ಲಸಿಕೆ ಬೇರೆ. ಅದನ್ನು ಮೂರು ತಿಂಗಳಿಗೆ ಹಾಕಿಸಿ, ವೈದ್ಯರು ಹೇಳಿದಾಗ ಮತ್ತೊಮ್ಮೆ ಹಾಕಿಸಿ, ನಂತರ ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ಉಣ್ಣಿ, ಕಜ್ಜಿ ಮತ್ತು ಹೊಲದ ಎಣ್ಣೆ

ಉಣ್ಣಿಯನ್ನು ಕೆಲವರು ಉಣುಗು ಎನ್ನುತ್ತಾರೆ. ಅದು ರಕ್ತ ಹೀರುವುದಷ್ಟೇ ಅಲ್ಲ, ಒಂದು ನಾಯಿಯ ರೋಗವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಉಣ್ಣಿ ಆದ ನಾಯಿ ಜ್ವರದಿಂದ ಸೊರಗಿ, ವಸಡು ಬಿಳಿಚಿ, ಮೂಗಿನಿಂದ ರಕ್ತ ಸುರಿದರೆ ಅದು ಉಣ್ಣಿಜ್ವರವಿರಬಹುದು. ರಕ್ತ ಪರೀಕ್ಷೆ ಮಾಡಿಸಿ ವಾರಗಟ್ಟಲೆ ಗುಳಿಗೆ ಕೊಡಬೇಕಾಗುತ್ತದೆ. ನಾಲ್ಕು ದಿನಕ್ಕೆ ಚೇತರಿಸಿಕೊಂಡಿತು ಎಂದು ನಿಲ್ಲಿಸಬಾರದು.

ಈ ವಿಷಯದಲ್ಲಿ ನಾವು ಕಂಡ ದೊಡ್ಡ ತಪ್ಪು ಬೆಳೆಗೆ ಹೊಡೆಯುವ ಎಣ್ಣೆಯನ್ನು ನಾಯಿಯ ಮೈಗೆ ಹಚ್ಚುವುದು. ಕಂಪ್ಲಿ ಕಡೆ ಭತ್ತ ಕಬ್ಬು ಬೆಳೆಯುವ ಮನೆಗಳಲ್ಲಿ ಈ ಡಬ್ಬಿ ಕೈಗೆ ಸುಲಭವಾಗಿ ಸಿಗುತ್ತದೆ. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಚರ್ಮದಿಂದಲೂ ಬಾಯಿಂದಲೂ ವಿಷ ಒಳಗೆ ಹೋಗಿ, ಜೊಲ್ಲು ಸುರಿದು, ನಡುಗಿ ಸಾಯುತ್ತದೆ. ಹಚ್ಚಿದವರ ಕೈಗೂ ವಿಷ. ಸೀಮೆಎಣ್ಣೆ, ಲಾರಿಯ ಸುಟ್ಟ ಎಣ್ಣೆ ಕೂಡ ಬೇಡ. ಚರ್ಮ ಸುಡುತ್ತದೆ.

ಸರಿಯಾದ ಕ್ರಮ ಕಷ್ಟದ್ದಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಪಟ್ಟಿಯ ಕೆಳಗೆ ನೋಡಿ. ಚಿಮಟಿಗೆಯಿಂದ ಉಣ್ಣಿಯನ್ನು ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಉಗುರಿನಿಂದ ಹಿಸುಕಬೇಡಿ. ಸೋಪಿನ ನೀರಿನ ಡಬ್ಬಿಗೆ ಹಾಕಿ, ಕೈ ತೊಳೆಯಿರಿ. ಬಹಳ ಇದ್ದರೆ ಪಶುವೈದ್ಯರು ತೂಕ ನೋಡಿ ಔಷಧಿ ಕೊಡುತ್ತಾರೆ. ನಾಯಿಯ ಉಣ್ಣಿ ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿ ಮಲಗುವ ಚೀಲ ಬಿಸಿಲಿಗೆ ಹಾಕಿ, ಬಿರುಕು ಮೆತ್ತಿ, ಜಾಗ ಗುಡಿಸಿ. ಮನೆ ಬಿಟ್ಟು ನಾಯಿಗೆ ಮಾತ್ರ ಮದ್ದು ಮಾಡಿದರೆ ತಿಂಗಳಲ್ಲಿ ಮತ್ತೆ ಅದೇ ಕತೆ.

ಕೂದಲು ಉದುರಿ, ಕಿವಿ ಅಂಚು, ಮೊಣಕೈ ಒರಟಾಗಿ, ಹಗಲುರಾತ್ರಿ ಕೆರೆದುಕೊಂಡರೆ ಕಜ್ಜಿ. ಕಣ್ಣಿಗೆ ಕಾಣದ ಹುಳ ಚರ್ಮದಲ್ಲಿ ಕೊರೆಯುವುದರಿಂದ ಬರುವ ಕಜ್ಜಿ, ನಾಯಿಯ ಜೊತೆ ಮಲಗುವ ಮಕ್ಕಳಿಗೂ ತುರಿಕೆ ತರುತ್ತದೆ. ನಾಯಿಗೂ ಮಗುವಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ಗಾಯಕ್ಕೆ ನೊಣ ಕೂತು ಹುಳ ಬಿದ್ದರೆ ಪೆಟ್ರೋಲ್ ಸುರಿಯುವುದು, ಡಾಂಬರು ಗುಳಿಗೆ ಪುಡಿ ತುಂಬುವುದು ಬೇಡ. ಆಸ್ಪತ್ರೆಯಲ್ಲಿ ಹುಳ ತೆಗೆದು ಔಷಧಿ ಹಾಕುತ್ತಾರೆ. ನೆನಪಿರಲಿ, ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಸಂಡೂರಿನ ಅದಿರು ಲಾರಿಗಳ ರಸ್ತೆಯಲ್ಲಿ ಪೆಟ್ಟು ತಿಂದ ನಾಯಿಯನ್ನು ಬರಿಗೈಯಲ್ಲಿ ಎತ್ತಬೇಡಿ. ದಪ್ಪ ಗೋಣಿಚೀಲದ ಮೇಲೆ ಎಳೆದುಕೊಂಡು ಸಾಗಿಸಿ.

ಹೊಟ್ಟೆಹುಳ: ಇದು ಮಕ್ಕಳ ವಿಷಯ

ಮರಿಗಳು ತಾಯಿಯ ಹೊಟ್ಟೆಯಿಂದಲೇ ಹುಳ ಪಡೆದು ಹುಟ್ಟಬಹುದು. ಹೊಟ್ಟೆ ಡೊಳ್ಳು, ಮೈ ಬಡಕಲು, ಕೂದಲು ಕಳೆಗುಂದಿದ್ದರೆ ಹುಳ ಎಂದು ತಿಳಿಯಿರಿ. ಎರಡು ವಾರದ ಮರಿಯಿಂದ ಆರಂಭಿಸಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ ಕೊಡಬೇಕು. ಅಳತೆ ನಾಯಿಯ ತೂಕದ ಮೇಲೆ.

ನಾಯಿಯ ಮಲ ಬಿದ್ದ ಮಣ್ಣಿನಲ್ಲಿ ಮಕ್ಕಳು ಆಡಿ, ಕೈ ತೊಳೆಯದೆ ತಿಂದರೆ ಹುಳದ ಮೊಟ್ಟೆ ಹೊಟ್ಟೆ ಸೇರುತ್ತದೆ. ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳದ ಮರಿ ಚರ್ಮ ಹೊಕ್ಕು ಕೆಂಪು ಗೆರೆ ಎಳೆದಂತೆ ತುರಿಸುತ್ತದೆ. ಅಂಗಳದ ಮಲವನ್ನು ದಿನಾ ತೆಗೆದು ಹೂಳಿ.

ನಮ್ಮ ಸೀಮೆಯಲ್ಲಿ ಕುರಿ ಸಾಕುವ ಮನೆ ಬಹಳ. ಜಾತ್ರೆ, ಹಬ್ಬಕ್ಕೆ ಕುರಿ ಕಡಿದಾಗ ಈಲಿ, ಪುಪ್ಪುಸವನ್ನು ಹಸಿಯಾಗಿಯೇ ನಾಯಿಗೆ ಎಸೆಯುತ್ತೇವೆ. ಅದರಲ್ಲಿ ನೀರು ತುಂಬಿದ ಗುಳ್ಳೆಗಳಿದ್ದರೆ ಅವು ಒಂದು ಬಗೆಯ ಲಾಡಿಹುಳದ ಮನೆ. ನಾಯಿ ತಿಂದರೆ ಅದರ ಹೊಟ್ಟೆಯಲ್ಲಿ ಹುಳ ಬೆಳೆದು, ಮಲದಲ್ಲಿ ಮೊಟ್ಟೆ ಬರುತ್ತವೆ. ನಾಯಿ ನೋಡಲು ಗಟ್ಟಿಯಾಗಿಯೇ ಇರುತ್ತದೆ. ಆ ಮೊಟ್ಟೆ ಕೈ, ಸೊಪ್ಪು, ನೀರಿನ ಮೂಲಕ ನಮ್ಮ ಹೊಟ್ಟೆ ಸೇರಿದರೆ ಈಲಿ, ಪುಪ್ಪುಸದಲ್ಲಿ ಅದೇ ಗುಳ್ಳೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ನೇ ಬೇಕಾಗುತ್ತದೆ. ತಡೆಯುವುದು ಸುಲಭ: ಗುಳ್ಳೆಯಿರುವ ಭಾಗವನ್ನು ಆಳವಾಗಿ ಹೂಳಿ ಅಥವಾ ಸುಡಿ. ಹಸಿ ಮಾಂಸ ನಾಯಿಗೆ ಬೇಡ, ಬೇಯಿಸಿಯೇ ಹಾಕಿ.

ಏನು ಹಾಕಬೇಕು, ಏನು ಬೇಡ

ಜೋಳದ ರೊಟ್ಟಿ, ಅನ್ನ, ಮಜ್ಜಿಗೆ ತಿಂದೇ ನಮ್ಮ ನಾಯಿಗಳು ಬೆಳೆದಿವೆ. ಆದರೆ ನಾಯಿಗೆ ಮೊಟ್ಟೆ, ಬೇಯಿಸಿದ ಮಾಂಸದಂಥ ಬಲದ ಆಹಾರವೂ ಬೇಕು. ದುಬಾರಿ ಬಿಸ್ಕತ್ತಿಗಿಂತ ವಾರಕ್ಕೆ ಎರಡು ಮೂರು ಬೇಯಿಸಿದ ಮೊಟ್ಟೆ ಮೇಲು. ಹಂಪಿಯಲ್ಲಿ ಹೋಟೆಲು, ಅಂಗಡಿ ನಡೆಸುವ ಅಕ್ಕಂದಿರೇ, ಪ್ರವಾಸಿಗರು ಬೀದಿನಾಯಿಗೆ ಸಿಹಿ ಬಿಸ್ಕತ್ತು, ಚಾಕೊಲೇಟು ಹಾಕುವುದನ್ನು ಕಂಡರೆ ತಿಳಿಹೇಳಿ. ಚಾಕೊಲೇಟು ನಾಯಿಗೆ ವಿಷ. ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೆಡುಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹೆಚ್ಚಿರುವ ಸಾರು ದಿನಾ ಬಿದ್ದರೆ ರಕ್ತ ಕಡಿಮೆಯಾಗುತ್ತದೆ. ಬೇಯಿಸಿದ ಕೋಳಿ ಎಲುಬು ಸೀಳಿ ಮುಳ್ಳಿನಂತಾಗಿ ಕರುಳು ಚುಚ್ಚುತ್ತದೆ. ಹಾಲು ಕುಡಿದರೆ ಕೆಲವು ದೊಡ್ಡ ನಾಯಿಗಳಿಗೆ ಭೇದಿಯಾಗುತ್ತದೆ, ಅವಕ್ಕೆ ಹಾಲಿನ ಬದಲು ನೀರೇ ಸಾಕು.

ಇಲಿಪಾಷಾಣ ಇಡುವ ಮನೆಯಲ್ಲಿ ನಾಯಿಗೆ ಎಟುಕದ ಹಾಗೆ ಇಡಿ. ಸತ್ತ ಇಲಿಯನ್ನೂ ಹೂಳಿ. ಕಾಲುವೆ, ಗದ್ದೆಯ ನಿಂತ ನೀರಿನಲ್ಲಿ ಇಲಿಯ ಮೂತ್ರ ಸೇರಿ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ಗದ್ದೆಯಲ್ಲಿ ನಾಟಿ ಮಾಡುವ ನಮಗೂ ಬರುತ್ತದೆ. ಜ್ವರ, ವಾಂತಿ, ಹಳದಿ ವಸಡು ಕಂಡ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ತೊಳೆಯಬೇಡಿ.

ಬೇಸಿಗೆಯ ಬಿಸಿಲು

ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಂಪಿಯ ಬಂಡೆಗಳಂತೂ ಸಂಜೆಯಾದರೂ ಕಾದ ಹೆಂಚಿನಂತಿರುತ್ತವೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ತಗಡಿನ ಶೆಡ್ಡಿನಲ್ಲಿ, ನೆರಳಿಲ್ಲದ ಕಂಬಕ್ಕೆ ಚಿಕ್ಕ ಸರಪಣಿಯಲ್ಲಿ ಕಟ್ಟಿಹಾಕಿ ಕೂಲಿಗೆ ಹೋದರೆ ಸಂಜೆ ಬರುವಷ್ಟರಲ್ಲಿ ಸತ್ತಿರಬಹುದು. ಗಿಡದ ನೆರಳು, ಮಣ್ಣಿನ ಬಾನಿಯಲ್ಲಿ ಉರುಳದಂತೆ ಇಟ್ಟ ನೀರು, ಇವೆರಡು ಸಾಕು.

ವಿಪರೀತ ಏದುಸಿರು, ಗಾಢ ಕೆಂಪು ನಾಲಿಗೆ, ತೂರಾಟ ಕಂಡರೆ ನೆರಳಿಗೆ ತಂದು, ಹೊಟ್ಟೆ, ಕಾಲಿನ ಮೇಲೆ ತಣ್ಣೀರು ಸುರಿದು ಗಾಳಿ ಹಾಕಿ. ಪ್ರಜ್ಞೆಯಿಲ್ಲದ ನಾಯಿಯ ಬಾಯಿಗೆ ನೀರು ಹಾಕಬೇಡಿ. ಕೂಡಲೇ ವೈದ್ಯರ ಬಳಿ ಒಯ್ಯಿರಿ.

ಹೇಳಲು ನಾಚಿಕೆಪಡುವ ವಿಷಯ

ಹೆಣ್ಣುನಾಯಿಯ ವಿಷಯ ಗಂಡಸರ ಮುಂದೆ ಹೇಳಲು ನಾಚಿಕೆ ಎಂದು ಎಷ್ಟೋ ಅಕ್ಕಂದಿರು ಸುಮ್ಮನಿರುತ್ತಾರೆ. ಹೆಣ್ಣುನಾಯಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬಂದು ಕೆಲವು ದಿನ ರಕ್ತ ಹೋಗುತ್ತದೆ. ಇದು ಸಹಜ. ಆದರೆ ರಕ್ತ ನಿಲ್ಲದೆ ಹೋಗುತ್ತಿದ್ದು, ಜನನಾಂಗದಲ್ಲಿ ಹೂಕೋಸಿನಂಥ ಗಡ್ಡೆ ಕಂಡರೆ ಅದು ಕೂಡುವಿಕೆಯಿಂದ ಹರಡುವ ಗಡ್ಡೆ ರೋಗ. ಗಂಡುನಾಯಿಗೂ ಬರುತ್ತದೆ. ಗಾಬರಿ ಬೇಡ, ಪಶುವೈದ್ಯರು ವಾರಕ್ಕೊಂದರಂತೆ ಕೊಡುವ ಚುಚ್ಚುಮದ್ದಿನಿಂದ ಹೆಚ್ಚಿನವು ವಾಸಿಯಾಗುತ್ತವೆ. ಬೆದೆ ಮುಗಿದ ಕೆಲ ವಾರಕ್ಕೆ ಕೀವು ಹೋಗಿ, ನೀರಡಿಕೆ ಹೆಚ್ಚಿ, ಊಟ ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದಕ್ಕೆ ತಡ ಮಾಡಿದರೆ ಪ್ರಾಣಾಪಾಯ.

ಮರಿ ಬೇಡವಾದರೆ ಸಂತಾನಹರಣ ಚಿಕಿತ್ಸೆ ಮಾಡಿಸುವುದೇ ಒಳ್ಳೆಯ ದಾರಿ. ನಾಯಿಯ ಗರ್ಭ ಸುಮಾರು 63 ದಿನ. ಹುಟ್ಟಿದ ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಇದು ಪಾಪದ ಮರಿಗಳಿಗೆ ಹಿಂಸೆ, ಊರಿಗೆ ಲಸಿಕೆಯಿಲ್ಲದ ನಾಯಿಗಳ ಹೊರೆ. ಹೆಣ್ಣು ಎಂದು ಬಿಸಾಡುವುದು ಸರಿಯೇ ಎಂದು ಹೆಣ್ಣುಮಕ್ಕಳಾದ ನಾವು ಯೋಚಿಸಬೇಡವೇ?

ಹುಚ್ಚುರೋಗ: ಒಂದು ಕ್ಷಣವೂ ತಡ ಬೇಡ

ಮನುಷ್ಯರಿಗೆ ಬರುವ ಹುಚ್ಚುರೋಗದ ನೂರಕ್ಕೆ 99 ಪ್ರಕರಣಗಳು ನಾಯಿಯಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕಾಣಿಸಿಕೊಂಡ ಮೇಲೆ ಉಳಿಸಲು ಔಷಧಿಯಿಲ್ಲ. ಕಾಣಿಸಿಕೊಳ್ಳುವ ಮೊದಲೇ ಲಸಿಕೆ ಪಡೆದರೆ ಸಾಯಬೇಕಾಗಿಲ್ಲ. 1885ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ ತನ್ನ ಲಸಿಕೆ ಕೊಡಿಸಿದರು. ಹುಡುಗ ಬದುಕಿದ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನೇ ಈಗ ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತೇವೆ. ನಾಯಿಯಿಂದ ಹರಡುವ ಹುಚ್ಚುರೋಗವನ್ನು 2030ರೊಳಗೆ ನಿರ್ಮೂಲ ಮಾಡುವ ಗುರಿಯ ರಾಷ್ಟ್ರೀಯ ಯೋಜನೆ 2021ರಲ್ಲಿ ನಮ್ಮ ದೇಶದಲ್ಲಿ ಆರಂಭವಾಯಿತು.

ಹುಚ್ಚು ಎಂದರೆ ಬರೀ ಓಡಾಡಿ ಕಚ್ಚುವುದು ಎಂದು ತಿಳಿಯಬೇಡಿ. ಮೂಕ ಹುಚ್ಚೂ ಇದೆ. ಮೇಲೆ ಹೇಳಿದ ತಾಯಿಯ ಮನೆಯ ನಾಯಿಯಂತೆ ದವಡೆ ಜೋತು, ಜೊಲ್ಲು ಸುರಿದು, ನುಂಗಲಾಗದೆ ಮೂಲೆ ಸೇರುತ್ತದೆ. ಅಂಥ ನಾಯಿಯ ಬಾಯಿಗೆ ಕೈ ಹಾಕಬೇಡಿ. ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.

ಕಚ್ಚಿದರೆ, ಗೀರಿದರೆ, ಗಾಯದ ಮೇಲೆ ನೆಕ್ಕಿದರೆ ಹೀಗೆ ಮಾಡಿ:

• ಕೂಡಲೇ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಬಟ್ಟೆ ಸೋಪಾದರೂ ಸರಿ.
• ಖಾರದ ಪುಡಿ, ಸುಣ್ಣ, ಬೂದಿ, ಎಣ್ಣೆ, ಸೊಪ್ಪಿನ ರಸ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.
• ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ತೋಳಿನ ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಸೇರಿ ಒಟ್ಟು ಐದು ಸಲ.
• ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಗಾಯದ ಸುತ್ತಲೂ ಸೀರಮ್ ಕೊಡುತ್ತಾರೆ. ಅದನ್ನು ಕೇಳಿ ಪಡೆಯಿರಿ.
• ತಡವಾಗಿದ್ದರೂ ಹೋಗಿ. ವಾರ ಕಳೆಯಿತು, ಇನ್ನೇನು ಎಂದು ಸುಮ್ಮನಿರಬೇಡಿ.

"ಹೊಕ್ಕುಳ ಸುತ್ತ 14 ಸೂಜಿ ಹಾಕ್ತಾರ" ಎಂದು ಹೆದರುವ ಅಜ್ಜಿಯರು ಇನ್ನೂ ಇದ್ದಾರೆ. ಆ ಹಳೆಯ ಲಸಿಕೆ ನಿಂತು ಇಪ್ಪತ್ತು ವರ್ಷವಾಯಿತು. ಮಂತ್ರಿಸಿದ ನೀರು, ಕಟ್ಟಿದ ದಾರ ಈ ರೋಗ ತಡೆಯುವುದಿಲ್ಲ. ಕಚ್ಚಿದ್ದು ಸಾಕಿದ ನಾಯಿಯಾದರೆ ಹತ್ತು ದಿನ ಅದರ ಮೇಲೆ ಕಣ್ಣಿಡಿ, ಕೊಲ್ಲಬೇಡಿ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಹಾಕಿಸೋಣ ಎಂದು ಕಾಯಬೇಡಿ. ಲಸಿಕೆ ಆರಂಭಿಸಿಯೇ ನೋಡುತ್ತಿರಬೇಕು. ಮಕ್ಕಳು ಬೈಗುಳಕ್ಕೆ ಹೆದರಿ ನಾಯಿ ಗೀರಿದ್ದನ್ನು ಮುಚ್ಚಿಡುತ್ತಾರೆ. "ಹೇಳಿದರೆ ಬೈಯಲ್ಲ" ಎಂದು ಇವತ್ತೇ ಮನೆಯಲ್ಲಿ ಹೇಳಿಡಿ.

ಸಂಘ ಏನು ಮಾಡಬಹುದು?

ಒಬ್ಬರಿಗೆ ಕಷ್ಟವಾದದ್ದು ಹದಿನೈದು ಜನಕ್ಕೆ ಸುಲಭ. ಆ ಸಂಡೂರು ಕಡೆಯ ಸಂಘ ಆಮೇಲೆ ಒಂದು ಠರಾವು ಬರೆಯಿತು. ಓಣಿಯಲ್ಲಿರುವ ನಾಯಿಗಳ ಪಟ್ಟಿ ಮಾಡಿ, ಲಸಿಕೆಯ ತಾರೀಖನ್ನು ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದರು. ಒಬ್ಬೊಬ್ಬರೇ ಆಸ್ಪತ್ರೆಗೆ ಅಲೆಯುವ ಬದಲು ಪಶುವೈದ್ಯರಿಗೆ ಅರ್ಜಿ ಕೊಟ್ಟು ಒಂದು ದಿನ ಊರಿಗೇ ಕರೆಸಿಕೊಂಡರು. ಲಸಿಕೆಯಾದ ನಾಯಿಯ ಕತ್ತಿಗೆ ಕೆಂಪು ದಾರ ಕಟ್ಟಿದರು. ಯಾರೂ ಸಾಕದ ಬೀದಿನಾಯಿಗಳನ್ನೂ ಬಿಡಲಿಲ್ಲ. ಅವಕ್ಕೆ ದಿನಾ ಅನ್ನ ಹಾಕುವ ಅಜ್ಜಿಯೇ ಹಿಡಿದುಕೊಟ್ಟರು.

ಹೊಸಪೇಟೆ, ಹಂಪಿಯವರು 2021ರಿಂದ ವಿಜಯನಗರ ಜಿಲ್ಲೆಗೆ, ಸಂಡೂರು, ಕಂಪ್ಲಿಯವರು ಬಳ್ಳಾರಿ ಜಿಲ್ಲೆಗೆ ಸೇರಿದ್ದೀರಿ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೇ ವಿಚಾರಿಸಿ. ರೇಬೀಸ್ ದಿನದ ಸುಮಾರಿಗೆ ಹಲವೆಡೆ ಉಚಿತ ಲಸಿಕೆ ಶಿಬಿರ ನಡೆಯುತ್ತವೆ. ಪ್ರಾಣಿಗಳ ತುರ್ತು ಸಹಾಯಕ್ಕೆ 1962, ಮನುಷ್ಯರ ಆಂಬುಲೆನ್ಸಿಗೆ 108. ಈ ಎರಡು ಸಂಖ್ಯೆ ಗೋಡೆಯ ಮೇಲೆ ಬರೆದಿಡಿ. ಮರಿಯ ಚಿಕಿತ್ಸೆಗೆ ಕೈಯಲ್ಲಿ ಕಾಸಿಲ್ಲದಿದ್ದರೆ ಸಂಘದ ಆಂತರಿಕ ಸಾಲ ಕೇಳಲು ಸಂಕೋಚ ಬೇಡ. ಕುರಿಗೆ ಕೇಳುವುದಿಲ್ಲವೇ? ನಮ್ಮ ಕುರಿಹಟ್ಟಿ, ಹೊಲ, ಮನೆ ಕಾಯುವುದು ಇದೇ ನಾಯಿ.

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದ ಪರಂಪರೆಯಲ್ಲಿ ನಾಯಿಗೆ ಗೌರವದ ಸ್ಥಾನವಿದೆ. ಹಿರಿಯರು ನಾಯಿಗೊಂದು ತುತ್ತು ಎತ್ತಿಡುತ್ತಿದ್ದರು. ಆ ತುತ್ತಿನ ಜೊತೆ ಒಂದು ನೋಟವನ್ನೂ ನಾವು ಸೇರಿಸೋಣ. ಮುಂದಿನ ಸಭೆಯಲ್ಲಿ ಯಾರಾದರೂ "ನಮ್ಮ ನಾಯಿ ರೊಟ್ಟಿ ಮುಟ್ಟವಲ್ದು" ಎಂದರೆ ಮದ್ದು ಹೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಯಾವಾಗಿನಿಂದ? ಜೊಲ್ಲು ಸುರಿಯುತ್ತಿದೆಯೇ? ಲಸಿಕೆ ಹಾಕಿಸಿದ್ದೀರಾ? ಯಾರಿಗಾದರೂ ಹಲ್ಲು, ಉಗುರು ತಾಗಿದೆಯೇ? ಕೇಳಿದ ಈ ಪ್ರಶ್ನೆ ಒಂದು ಮನೆಯನ್ನು ಉಳಿಸಬಹುದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಓಣಿಯಲ್ಲಿ ಎಷ್ಟು ನಾಯಿಗಳಿವೆ? ಎಷ್ಟಕ್ಕೆ ಈ ವರ್ಷ ಲಸಿಕೆಯಾಗಿದೆ?
2. ನಾಯಿ ಕಚ್ಚಿದಾಗ ನಾವು ಇದುವರೆಗೆ ಏನು ಹಚ್ಚುತ್ತಿದ್ದೆವು? ಇನ್ನು ಮುಂದೆ ಏನು ಮಾಡುತ್ತೇವೆ?
3. ಹಬ್ಬದಲ್ಲಿ ಕುರಿ ಕಡಿದಾಗ ಗುಳ್ಳೆಯಿರುವ ಈಲಿಯನ್ನು ಹೂಳುವ ಹೊಣೆ ಯಾರದು?
4. ಪಶುವೈದ್ಯರನ್ನು ಊರಿಗೆ ಕರೆಸಲು ಅರ್ಜಿ ಬರೆಯುವವರು ಯಾರು? ಯಾವ ತಾರೀಖಿನೊಳಗೆ?